ಕ್ಲೋವರ್ ಮೇದ ಕುರಿಯಿಂದ ಸೋಯಾ ಗುಳಿಗೆಯವರೆಗೆ: ಸಸ್ಯ ಈಸ್ಟ್ರೊಜೆನ್ ಮತ್ತು ಗರ್ಭಕೋಶ

ಜೆನಿಸ್ಟೀನ್ ಎಂಬ ವಸ್ತು ಮೊದಲು ಸಿಕ್ಕಿದ್ದು ಬಣ್ಣಗಾರರ ಗಿಡದಲ್ಲಿ. ಯುರೋಪಿನವರು ಉಣ್ಣೆಗೆ ಹಳದಿ ಬಣ್ಣ ಹಾಕಲು ತಲೆಮಾರುಗಳಿಂದ ಬಳಸುತ್ತಿದ್ದ ಜೆನಿಸ್ಟಾ ಟಿಂಕ್ಟೋರಿಯಾ ಎಂಬ ಪೊದೆಗಿಡದಿಂದ 1899ರಲ್ಲಿ ಆರ್ಥರ್ ಜಾರ್ಜ್ ಪರ್ಕಿನ್ ಮತ್ತು ನ್ಯೂಬರಿ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಬೇರ್ಪಡಿಸಿದರು. ಅವರ ಆಸಕ್ತಿಯೆಲ್ಲ ಬಣ್ಣದಲ್ಲಿತ್ತು. ಈಸ್ಟ್ರೊಜೆನ್ ಎಂಬ ಹಾರ್ಮೋನಿಗೆ ಹೆಸರೇ ಹುಟ್ಟಿರದ ಕಾಲದಲ್ಲಿ ಈ ವಸ್ತುವಿಗೂ ಹೆಂಗಸಿನ ಗರ್ಭಕೋಶಕ್ಕೂ ನಂಟು ಹುಡುಕಲು ಯಾರಿಗೂ ಕಾರಣವಿರಲಿಲ್ಲ. 1931ರಲ್ಲಿ ವಾಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಸೋಯಾಕಾಳಿನಲ್ಲಿ ಅದೇ ಜೆನಿಸ್ಟೀನನ್ನು, ಅದರ ಜೊತೆಗೆ ಡೈಡ್ಜೀನ್ ಎಂಬ ಇನ್ನೊಂದನ್ನು ಕಂಡರು. 1945ರಲ್ಲಿ ಭಾರತದಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅವರು ದಿನನಿತ್ಯ ಉಸಲಿ ಮಾಡುವ ಕಡಲೆಯಿಂದಲೇ ಬಯೋಕ್ಯಾನಿನ್ ಎಂಬುದನ್ನು ಹೊರತೆಗೆದರು. ಇವೆಲ್ಲ ಐಸೊಫ್ಲೇವೋನ್ ಎಂಬ ಒಂದೇ ಮನೆತನದವು. ಅಲ್ಲಿಯವರೆಗೆ ಇವು ಗಿಡಗಳ ರಸಾಯನಶಾಸ್ತ್ರದಲ್ಲಿ ಒಂದೊಂದು ಸಾಲಿನ ಟಿಪ್ಪಣಿಗಳಷ್ಟೇ. ಸಸ್ಯ ಈಸ್ಟ್ರೊಜೆನ್ ಎಂಬ ಹೆಸರಿಗೆ ತೂಕ ಬಂದದ್ದು ಆಸ್ಟ್ರೇಲಿಯದಲ್ಲಿ ಕುರಿಗಳು ಗೊಡ್ಡಾದ ಮೇಲೆ.

ಅಷ್ಟರಲ್ಲಿ ಹಾರ್ಮೋನಿನ ಕಥೆ ಬೇರೆ ದಾರಿಯಲ್ಲಿ ಸಾಗಿತ್ತು. 1923ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಎಡ್ಗರ್ ಆ್ಯಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಅಂಡಾಶಯದ ಕೋಶಗಳೊಳಗಿನ ದ್ರವಕ್ಕೆ ಹೆಣ್ಣುಪ್ರಾಣಿಯನ್ನು ಬೆದೆಗೆ ತರುವ ಗುಣವಿದೆ ಎಂದು ತೋರಿಸಿದರು. 1929ರಲ್ಲಿ ಡಾಯ್ಸಿ ಅಮೆರಿಕದಲ್ಲಿಯೂ ಬುಟೆನಾಂಟ್ ಜರ್ಮನಿಯಲ್ಲಿಯೂ ಆ ವಸ್ತುವನ್ನು ಹರಳಾಗಿ ಪಡೆದರು. ಒಂದು ದ್ರಾವಣದಲ್ಲಿ ಈಸ್ಟ್ರೊಜೆನ್ ಇದೆಯೇ ಇಲ್ಲವೇ ಎಂದು ತಿಳಿಯಲು ಆಗಿನ ಪ್ರಯೋಗಾಲಯಗಳಲ್ಲಿ ಇದ್ದ ತಕ್ಕಡಿ ಇಲಿಯ ಗರ್ಭಕೋಶ. ಇನ್ನೂ ಬೆದೆಗೆ ಬಾರದ ಹೆಣ್ಣುಮರಿಗೆ ಕೆಲವು ದಿನ ಆ ದ್ರಾವಣ ಕೊಡುವುದು, ಆಮೇಲೆ ಅದರ ದಾರದಷ್ಟು ತೆಳುವಾದ ಗರ್ಭಕೋಶವನ್ನು ಬಿಡಿಸಿ ತೂಗುವುದು. ಕೆಲವೇ ಮಿಲಿಗ್ರಾಂ ತೂಗಬೇಕಾದದ್ದು ನೀರು ತುಂಬಿಕೊಂಡು ಎರಡು ಮೂರು ಪಟ್ಟಾಗಿದ್ದರೆ ಈಸ್ಟ್ರೊಜೆನ್ ಇದೆಯೆಂದೇ ಅರ್ಥ. 1920ರ ದಶಕದ ಕೊನೆಗೆ ಜರ್ಮನಿಯ ಕೆಲವು ಪ್ರಯೋಗಾಲಯಗಳಲ್ಲಿ ಗಿಡದ ಸಾರವೂ ಇಂಥ ಪರೀಕ್ಷೆಗಳಲ್ಲಿ ಪಾಸಾಗಿತ್ತು. ಅದನ್ನು ಒಂದು ಸೋಜಿಗವೆಂದು ಬರೆದಿಟ್ಟು ಮುಂದೆ ಹೋದರು.

ಪಶ್ಚಿಮ ಆಸ್ಟ್ರೇಲಿಯದ ನೈಋತ್ಯ ಭಾಗದ್ದು ಬಡ ಮರಳುಮಣ್ಣು. ಮೆಡಿಟರೇನಿಯನ್ ತೀರದಿಂದ ಬಂದ ಸಬ್‌ಟೆರೇನಿಯನ್ ಕ್ಲೋವರ್ ಎಂಬ ಮೂರೆಲೆಯ ಮೇವು ಆ ಮಣ್ಣಿಗೆ ವರವಾಗಿತ್ತು. ಕರ್ನಾಟಕದ ಹೈನುಗಾರರು ಬೆಳೆಯುವ ಕುದುರೆ ಮಸಾಲೆಯ ದಾಯಾದಿ ಇದು. ಆದರೆ ಶೇಂಗಾದ ಹಾಗೆ ಕಾಯನ್ನು ಮಣ್ಣಿನೊಳಕ್ಕೆ ಇಳಿಸಿಕೊಳ್ಳುತ್ತದೆ, ಆದ್ದರಿಂದಲೇ ಆ ಹೆಸರು. ಬೇಸಿಗೆಯಲ್ಲಿ ಗಿಡ ಒಣಗಿದರೂ ಬೀಜ ನೆಲದಲ್ಲಿ ಉಳಿದು ಮಳೆ ಬಿದ್ದೊಡನೆ ಮತ್ತೆ ಹಸಿರಾಗುತ್ತದೆ. ಸೂಪರ್ ಫಾಸ್ಫೇಟ್ ಗೊಬ್ಬರ ಹಾಕಿ ಈ ಮೇವು ಎಬ್ಬಿಸಿದರೆ ಕುರಿ ಸಾಕಣೆ ಲಾಭಕ್ಕೆ ಬರುತ್ತದೆ ಎಂದು ರೈತರು ಕಂಡುಕೊಂಡಿದ್ದರು. ಅಲ್ಲಿ ಹೆಚ್ಚು ಹರಡಿದ್ದು ಬೇಗ ಹೂಬಿಡುವ ಡ್ವಾಲ್ಗನಪ್ ಎಂಬ ತಳಿ.

1940ರ ದಶಕದ ಮೊದಲ ವರ್ಷಗಳಲ್ಲಿ ಆ ಹಸಿರು ಹುಲ್ಲುಗಾವಲುಗಳಲ್ಲೇ ಕೇಡು ಕಾಣಿಸಿತು. ಮೈತುಂಬಿಕೊಂಡ, ನೋಡಲು ಯಾವ ರೋಗವೂ ಇಲ್ಲದ ಹೆಣ್ಣುಕುರಿಗಳು ಗಬ್ಬ ನಿಲ್ಲಲಿಲ್ಲ. ವರ್ಷದಿಂದ ವರ್ಷಕ್ಕೆ ಮರಿಗಳ ಲೆಕ್ಕ ಇಳಿಯುತ್ತ ಹೋಯಿತು. ಗಬ್ಬ ನಿಂತವೂ ಈಯುವಾಗ ಸುಸ್ತಾಗಿ ಮರಿಯೊಂದಿಗೆ ಸಾಯುತ್ತಿದ್ದವು. ಮರಿಯನ್ನೇ ಹಾಕದ ಕುರಿಗಳ ಗರ್ಭಕೋಶ ಜಾರಿ ಹೊರಗೆ ಬರುತ್ತಿತ್ತು. ಎಲ್ಲಕ್ಕಿಂತ ವಿಚಿತ್ರವಾದದ್ದು ಹಿಡ ಮಾಡಿದ ಗಂಡುಕುರಿಗಳ ಪಾಡು: ಅವುಗಳ ಮೊಲೆತೊಟ್ಟು ಉದ್ದವಾಗಿ, ಕೆಲವಕ್ಕೆ ಹಾಲೂ ಇಳಿಯಿತು. ಹಾರಾಲ್ಡ್ ಬೆನೆಟ್ಸ್, ಎರಿಕ್ ಅಂಡರ್‌ವುಡ್ ಮತ್ತು ಶಿಯರ್ ಸೇರಿ 1946ರಲ್ಲಿ ಆಸ್ಟ್ರೇಲಿಯದ ಪಶುವೈದ್ಯ ಪತ್ರಿಕೆಯಲ್ಲಿ ಇದರ ವರದಿ ಪ್ರಕಟಿಸಿದರು. ಸತ್ತ ಕುರಿಗಳ ಗರ್ಭಕೋಶ ಕೊಯ್ದು ನೋಡಿದಾಗ ಒಳಪದರ ಅತಿಯಾಗಿ ಬೆಳೆದು, ಅದರ ಗ್ರಂಥಿಗಳು ನೀರುಗುಳ್ಳೆಗಳಂತೆ ಉಬ್ಬಿದ್ದವು. ಈಸ್ಟ್ರೊಜೆನ್ ಬಹುಕಾಲ ಎಡೆಬಿಡದೆ ತಾಕಿದರೆ ಕಾಣುವ ಲಕ್ಷಣ ಇದು. ಆ ಕುರಿಗಳಿಗೆ ಯಾರೂ ಹಾರ್ಮೋನ್ ಕೊಟ್ಟಿರಲಿಲ್ಲ, ಅವು ಮೇದಿದ್ದು ಕ್ಲೋವರ್ ಮಾತ್ರ. ರೋಗಕ್ಕೆ ಕ್ಲೋವರ್ ರೋಗವೆಂದೇ ಹೆಸರಾಯಿತು.

ಗಿಡದೊಳಗಿನ ಅಪರಾಧಿಯನ್ನು ಹಿಡಿಯಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. 1951ರಲ್ಲಿ ಬ್ರ್ಯಾಡ್‌ಬರಿ ಮತ್ತು ವೈಟ್ ಈ ಕ್ಲೋವರಿನಿಂದ ಜೆನಿಸ್ಟೀನನ್ನೂ ಫಾರ್ಮೊನೊನೆಟಿನ್ ಎಂಬುದನ್ನೂ ಬೇರ್ಪಡಿಸಿದರು. ಇಲಿಯ ತಕ್ಕಡಿಯಲ್ಲಿ ಜೆನಿಸ್ಟೀನ್ ತೂಗಿತು, ಫಾರ್ಮೊನೊನೆಟಿನ್ ಬಹುಮಟ್ಟಿಗೆ ತೂಗಲಿಲ್ಲ. ಹಾಗಾಗಿ ಅನುಮಾನವೆಲ್ಲ ಜೆನಿಸ್ಟೀನಿನ ಮೇಲೆ ಬಿತ್ತು. ಆದರೆ ಹೊಲದ ಲೆಕ್ಕ ಇದಕ್ಕೆ ಹೊಂದಲಿಲ್ಲ: ಜೆನಿಸ್ಟೀನ್ ಹೆಚ್ಚಿದ್ದ ತಳಿ ಮೇದ ಕುರಿಗಳೂ ಒಮ್ಮೊಮ್ಮೆ ಚೆನ್ನಾಗಿರುತ್ತಿದ್ದವು. ಒಗಟು ಬಿಡಿಸಿದ್ದು ಮೆಲುಕು ಹಾಕುವ ಹೊಟ್ಟೆ. ಕುರಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಜೆನಿಸ್ಟೀನನ್ನು ಒಡೆದು ನಿರುಪದ್ರವಿ ಚೂರುಗಳಾಗಿಸುತ್ತವೆ. ಸಪ್ಪೆಯೆಂದು ಬಿಟ್ಟಿದ್ದ ಫಾರ್ಮೊನೊನೆಟಿನನ್ನು ಮಾತ್ರ ಅವೇ ಜೀವಿಗಳು ಡೈಡ್ಜೀನ್ ಮಾಡಿ, ಅಲ್ಲಿಂದ ಈಕ್ವಾಲ್ ಎಂಬ ಚುರುಕು ವಸ್ತುವಾಗಿ ಬದಲಿಸಿ ರಕ್ತಕ್ಕೆ ಬಿಡುತ್ತವೆ. 1960ರ ದಶಕದಲ್ಲಿ ಇದು ಖಚಿತವಾಯಿತು. ತಿಂದ ಗಿಡದಲ್ಲಿ ಏನಿದೆ ಎಂಬುದರಷ್ಟೇ ತಿಂದವರ ಹೊಟ್ಟೆ ಅದನ್ನು ಏನು ಮಾಡುತ್ತದೆ ಎಂಬುದೂ ಮುಖ್ಯವೆಂಬ ಈ ಪಾಠ ಮುಂದೆ ಮನುಷ್ಯರ ವಿಷಯದಲ್ಲೂ ಕೆಲಸಕ್ಕೆ ಬಂತು, ಸ್ವಲ್ಪ ತಡವಾಗಿ. ರಂಜಕ ಕಡಮೆಯಾದ ಮಣ್ಣಿನಲ್ಲಿ ಕ್ಲೋವರಿನ ಐಸೊಫ್ಲೇವೋನ್ ಏರುತ್ತದೆಂದೂ ತಿಳಿಯಿತು. ಕೇಡು ಕಾಣಿಸಿಕೊಂಡ ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯದಲ್ಲಿ ರಂಜಕ ಕೊಡುವ ಸೂಪರ್ ಫಾಸ್ಫೇಟಿಗೆ ಬರವಿತ್ತು.

ಹುಲ್ಲುಗಾವಲಿನ ವಿಷ ಅಳೆಯಲು ಅಲ್ಲಿನವರು ಕಂಡುಕೊಂಡ ಉಪಾಯ ಸೊಗಸಾದದ್ದು. ಹಿಡ ಮಾಡಿದ ಗಂಡುಕುರಿಗಳನ್ನು ಒಂದು ಹೊಲಕ್ಕೆ ಬಿಟ್ಟು, ಕೆಲವು ವಾರ ಅವುಗಳ ಮೊಲೆತೊಟ್ಟನ್ನು ಅಳತೆಪಟ್ಟಿ ಇಟ್ಟು ಅಳೆಯುವುದು. ತೊಟ್ಟು ಎಷ್ಟು ಉದ್ದವಾಯಿತೋ ಹೊಲ ಅಷ್ಟು ಕೆಟ್ಟದ್ದು. ಆಮೇಲೆ ಫಾರ್ಮೊನೊನೆಟಿನ್ ಕಡಮೆಯಿರುವ ತಳಿಗಳನ್ನು ಆರಿಸಿ ರೈತರಿಗೆ ಕೊಟ್ಟರು. ಹಳೆಯ ತಳಿಗಳ ಬೀಜ ಮಣ್ಣಿನಲ್ಲಿ ಹೂತೇ ಇರುವುದರಿಂದ ಅವು ಪೂರ್ತಿ ಅಳಿದಿಲ್ಲ. ವರ್ಷಗಟ್ಟಲೆ ಅವನ್ನು ಮೇದ ಕುರಿಗಳಲ್ಲಿ ಗರ್ಭಕಂಠದ ರಚನೆಯೇ ಬದಲಾಗಿ, ಒಳ್ಳೆಯ ಮೇವಿಗೆ ಹೊಡೆದ ಮೇಲೂ ಅವು ಸರಿಹೋಗುತ್ತಿರಲಿಲ್ಲ.

ಈಕ್ವಾಲ್ ಎಂಬ ಹೆಸರಿನಲ್ಲಿ ಕುದುರೆ ಇದೆ. 1932ರಲ್ಲಿ ಮೇರಿಯನ್ ಮತ್ತು ಹ್ಯಾಸಲ್‌ವುಡ್ ಅದನ್ನು ಮೊದಲು ಕಂಡದ್ದು ಗಬ್ಬದ ಹೆಣ್ಣುಕುದುರೆಯ ಮೂತ್ರದಲ್ಲಿ. ಮೇವಿನಿಂದ ಅಲ್ಲಿಗೆ ಬಂದದ್ದು. ಅದೇ ಮೂತ್ರದಲ್ಲಿ ಕುದುರೆಯ ಸ್ವಂತ ಈಸ್ಟ್ರೊಜೆನ್‌ಗಳೂ ಧಾರಾಳವಾಗಿರುತ್ತವೆ. ಅವುಗಳಿಂದ ತಯಾರಾದ ಪ್ರೆಮರಿನ್ ಎಂಬ ಗುಳಿಗೆ 1941ರಲ್ಲಿ ಕೆನಡಾದಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರನ್ನು ಕಾಡುವ ಹಾಟ್ ಫ್ಲಶ್, ಅಂದರೆ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಕಾವೇರಿ ಬೆವರು ಕಿತ್ತುಬರುವುದು, ಈ ಗುಳಿಗೆಯಿಂದ ನಿಜಕ್ಕೂ ತಗ್ಗುತ್ತಿತ್ತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ಅಮೆರಿಕನ್ ವೈದ್ಯ ‘ಫೆಮಿನೈನ್ ಫಾರೆವರ್’ ಎಂಬ ಪುಸ್ತಕ ಬರೆದು, ಮುಟ್ಟು ನಿಲ್ಲುವುದೇ ಒಂದು ಕೊರತೆಯ ಕಾಯಿಲೆಯೆಂದೂ ಈಸ್ಟ್ರೊಜೆನ್ ನುಂಗಿದರೆ ಹರೆಯ ಉಳಿಯುವುದೆಂದೂ ಸಾರಿದ. ಗುಳಿಗೆಯ ಮಾರಾಟ ಗಗನಕ್ಕೇರಿತು. ಆಸ್ಟ್ರೇಲಿಯದ ಕುರಿಗಳ ಗರ್ಭಕೋಶದಲ್ಲಿ ಕಂಡದ್ದನ್ನು ಈ ಭರಾಟೆಯಲ್ಲಿ ನೆನೆದವರು ಕಡಮೆ.

ನೆನೆಯಬೇಕಿತ್ತು. ಮುಟ್ಟಾಗುವ ವರ್ಷಗಳಲ್ಲಿ ಗರ್ಭಕೋಶದ ಒಳಪದರವನ್ನು ತಿಂಗಳ ಮೊದಲರ್ಧದಲ್ಲಿ ಈಸ್ಟ್ರೊಜೆನ್ ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಎರಡೂ ಇಳಿದಾಗ ಪದರ ಕಳಚಿ ಮುಟ್ಟಾಗುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯ ಎರಡನ್ನೂ ಬಹುಪಾಲು ನಿಲ್ಲಿಸುವುದರಿಂದ ಪದರ ಸೊರಗಿ, ಅಲ್ಟ್ರಾಸೌಂಡಿನಲ್ಲಿ ಸಾಮಾನ್ಯವಾಗಿ ನಾಲ್ಕೈದು ಮಿಲಿಮೀಟರಿಗಿಂತ ತೆಳ್ಳಗೆ ಕಾಣುತ್ತದೆ. ಇಂಥ ಗರ್ಭಕೋಶಕ್ಕೆ ಹೊರಗಿನಿಂದ ಈಸ್ಟ್ರೊಜೆನ್ ಮಾತ್ರ ಬಂದರೆ ಬೆಳೆಸುವವರು ಇದ್ದಾರೆ, ತಡೆಯುವವರಿಲ್ಲ. ಪದರ ದಪ್ಪವಾಗಿ, ಗ್ರಂಥಿಗಳು ಒತ್ತೊತ್ತಾಗಿ, ಕಡೆಗೆ ಜೀವಕೋಶಗಳೇ ವಿಕಾರವಾಗುವ ಹೈಪರ್‌ಪ್ಲೇಸಿಯ ಶುರುವಾಗುತ್ತದೆ. ಅದರಲ್ಲೂ ಮೆಟ್ಟಿಲುಗಳಿವೆ: ಕರ್ಮನ್ ಮತ್ತು ಸಂಗಡಿಗರು ಹೈಪರ್‌ಪ್ಲೇಸಿಯವಿದ್ದ 170 ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 1985ರಲ್ಲಿ ವರದಿ ಮಾಡಿದಂತೆ, ಸರಳ ಬಗೆಯದು ಕ್ಯಾನ್ಸರಿಗೆ ತಿರುಗಿದ್ದು ಶೇ 1ರಷ್ಟು, ಕೋಶವಿಕಾರವಿದ್ದ ಸಂಕೀರ್ಣ ಬಗೆಯದು ಶೇ 29ರಷ್ಟು.

1975ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳನ್ನು ಪ್ರಕಟಿಸಿತು. ಈಸ್ಟ್ರೊಜೆನ್ ನುಂಗಿದವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಂಭವ ಒಂದರಲ್ಲಿ 4.5 ಪಟ್ಟು, ಇನ್ನೊಂದರಲ್ಲಿ 7.6 ಪಟ್ಟು. ಗುಳಿಗೆಗೆ ವೈದ್ಯರು ಬರೆಯುವ ಚೀಟಿಗಳು ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಳಿದವು. ಬಳಿಕ ವೈದ್ಯರು ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಜೊತೆಗೆ ಪ್ರೊಜೆಸ್ಟರಾನ್ ಬಗೆಯ ಔಷಧವನ್ನೂ ಸೇರಿಸತೊಡಗಿದರು. ಅದು ಎಷ್ಟು ಅಗತ್ಯವೆಂಬುದನ್ನು 1996ರಲ್ಲಿ ಹೊರಬಂದ ಪೆಪಿ ಎಂಬ ಪ್ರಯೋಗದ ವರದಿ ಅಂಕಿಗಳಲ್ಲಿ ತೋರಿಸಿತು: ಮೂರು ವರ್ಷ ಬರೀ ಈಸ್ಟ್ರೊಜೆನ್ ತೆಗೆದುಕೊಂಡವರಲ್ಲಿ ಮೂವರಲ್ಲೊಬ್ಬರಿಗೆ ಮೇಲ್ಮೆಟ್ಟಿಲಿನ ಹೈಪರ್‌ಪ್ಲೇಸಿಯ ಕಾಣಿಸಿತ್ತು. ಮುಂದೆ ಸೋಯಾ ಗುಳಿಗೆಗೆ ಹಾಕಿದ ಪ್ರಶ್ನೆಗಳೆಲ್ಲ ಈ ಅನುಭವದಿಂದ ಹುಟ್ಟಿದವು.

ಸಸ್ಯ ಈಸ್ಟ್ರೊಜೆನ್ ಮನುಷ್ಯರ ವಿಷಯವಾದದ್ದು 1980ರ ಸುಮಾರಿಗೆ, ಅದೂ ಮೂತ್ರದ ಮೂಲಕವೇ. ಹೆಂಗಸರ ಮೂತ್ರದಲ್ಲಿ ಹಾರ್ಮೋನುಗಳನ್ನು ಹುಡುಕುತ್ತಿದ್ದ ಕೆನೆತ್ ಸೆಚೆಲ್ ಮತ್ತು ಇತರರಿಗೆ ಗುರುತು ಸಿಗದ ಎರಡು ಬಗೆಯ ವಸ್ತುಗಳು ಕಂಡವು. ಒಂದು ಎಂಟೆರೊಲ್ಯಾಕ್ಟೋನ್, ಅಗಸೆ ಮತ್ತು ಧಾನ್ಯಗಳ ಲಿಗ್ನಾನ್ ಎಂಬ ವಸ್ತುಗಳಿಂದ ಕರುಳಿನ ಬ್ಯಾಕ್ಟೀರಿಯಾಗಳು ಮಾಡಿದ್ದು. ಇನ್ನೊಂದು ಈಕ್ವಾಲ್, ಕ್ಲೋವರ್ ಕುರಿಗಳ ಅದೇ ಈಕ್ವಾಲ್; ಸೋಯಾ ತಿಂದವರಲ್ಲಿ ಅದು ಹೇರಳವಾಗಿತ್ತು. ಆದರೆ ಎಲ್ಲರಲ್ಲೂ ಅಲ್ಲ. ಪಾಶ್ಚಾತ್ಯರಲ್ಲಿ ಮೂವರಲ್ಲೊಬ್ಬರ ಕರುಳು, ಜಪಾನಿಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನರ ಕರುಳು ಮಾತ್ರ ಡೈಡ್ಜೀನನ್ನು ಈಕ್ವಾಲ್ ಮಾಡಬಲ್ಲುದು. ಹೆಲ್ಸಿಂಕಿಯ ಹರ್ಮನ್ ಆಡ್ಲರ್‌ಕ್ರಾಯ್ಟ್ಸ್ ಇದನ್ನು ಹಿಡಿದು ಬಹುದೂರ ನಡೆದರು. ಜಪಾನಿನ ಹೆಂಗಸರು ಹಾಟ್ ಫ್ಲಶ್ ದೂರು ಹೇಳುವುದು ಕಡಮೆ, ಅವರಲ್ಲಿ ಸ್ತನ ಮತ್ತು ಗರ್ಭಕೋಶದ ಕ್ಯಾನ್ಸರೂ ಕಡಮೆ, ಅವರ ಊಟದಲ್ಲಿ ತೋಫು, ಮೀಸೊ, ನಾಟೊ ಹೆಚ್ಚು. ಸೋಯಾಕ್ಕೂ ಹಾಟ್ ಫ್ಲಶ್ ಕಡಮೆಯಿರುವುದಕ್ಕೂ ನಂಟಿರಬಹುದೆಂದು 1992ರಲ್ಲಿ ಅವರು ‘ಲ್ಯಾನ್ಸೆಟ್’ನಲ್ಲಿ ಬರೆದರು. ಆಕರ್ಷಕವಾದ ಊಹೆ. ಮೀನು, ನಡಿಗೆ, ತೆಳು ಮೈ ಮುಂತಾದ ಜಪಾನಿನ ಬೇರೆ ಸಂಗತಿಗಳನ್ನು ಸೋಯಾದಿಂದ ಬಿಡಿಸಿ ನೋಡುವುದು ಸುಲಭವಲ್ಲ ಎಂಬುದನ್ನು ಜಾಹೀರಾತಿನವರು ಬೇಗ ಮರೆತರು.

ದುರ್ಬಲ ಈಸ್ಟ್ರೊಜೆನ್ ರಕ್ಷಣೆಯನ್ನೂ ಕೊಡಬಲ್ಲುದು ಎಂಬುದಕ್ಕೆ ಆಧಾರವಿಲ್ಲದೆ ಇರಲಿಲ್ಲ. 1966ರಲ್ಲೇ ಫೋಲ್ಮನ್ ಮತ್ತು ಪೋಪ್ ಇಲಿಮರಿಗಳಿಗೆ ಪ್ರಬಲ ಈಸ್ಟ್ರೊಜೆನ್ ಜೊತೆ ಜೆನಿಸ್ಟೀನ್ ಕೊಟ್ಟು ನೋಡಿದ್ದರು: ಎರಡೂ ಸೇರಿದಾಗ ಗರ್ಭಕೋಶದ ತೂಕ ಏರುವ ಬದಲು ಇಳಿದಿತ್ತು. ಬಸ್ಸಿನ ಸೀಟು ಹಿಡಿದ ಹಾಗೆ ದುರ್ಬಲವಾದದ್ದು ಜಾಗ ಹಿಡಿದುಕೊಂಡರೆ ಪ್ರಬಲವಾದದ್ದು ನಿಂತೇ ಇರಬೇಕು. ಆದರೆ ಈ ತರ್ಕ ನಿಲ್ಲುವುದು ದೇಹದಲ್ಲಿ ಪ್ರಬಲ ಈಸ್ಟ್ರೊಜೆನ್ ಇದ್ದಾಗ. ಮುಟ್ಟು ನಿಂತ ಮೇಲೆ ಸೀಟುಗಳೇ ಖಾಲಿ. ಆಗ ಕೂತ ದುರ್ಬಲವಾದದ್ದು ತನ್ನ ಶಕ್ತಿಯಷ್ಟು ಕೆಲಸ ಮಾಡಿಯೇ ಮಾಡುತ್ತದೆ. 1996ರಲ್ಲಿ ಸ್ವೀಡನ್ನಿನಲ್ಲಿ ಕೈಪರ್, ಗುಸ್ತಾಫ್ಸನ್ ಮತ್ತು ಸಂಗಡಿಗರು ಬೀಟಾ ಎಂಬ ಎರಡನೆಯ ಈಸ್ಟ್ರೊಜೆನ್ ಗ್ರಾಹಿಯನ್ನು, ಅಂದರೆ ಜೀವಕೋಶದಲ್ಲಿ ಈಸ್ಟ್ರೊಜೆನ್ ಕೂರುವ ಇನ್ನೊಂದು ಬಗೆಯ ಸೀಟನ್ನು, ಕಂಡುಹಿಡಿದ ಮೇಲೆ ಲೆಕ್ಕ ಇನ್ನಷ್ಟು ಬದಲಾಯಿತು. ಗರ್ಭಕೋಶದ ಒಳಪದರವನ್ನು ಬೆಳೆಸುವುದು ಮುಖ್ಯವಾಗಿ ಆಲ್ಫಾ ಗ್ರಾಹಿ. ಜೆನಿಸ್ಟೀನಿಗೆ ಒಲವಿರುವುದು ಬೀಟಾದ ಕಡೆಗೆ. ಸೋಯಾ ತಿನ್ನುವವರ ಗರ್ಭಕೋಶ ಕ್ಲೋವರ್ ಕುರಿಯದರಂತೆ ಏಕಾಗುವುದಿಲ್ಲ ಎಂಬುದಕ್ಕೆ ಇದು ಒಂದು ಕಾರಣ. ಇನ್ನೊಂದು ಪ್ರಮಾಣ: ಕುರಿಗಳಿಗೆ ಮೂರು ಹೊತ್ತೂ ಕ್ಲೋವರೇ ಊಟವಾಗಿತ್ತು.

2002ರ ಜುಲೈಯಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ತನ್ನ ಹಾರ್ಮೋನ್ ಪ್ರಯೋಗದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿತು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಬಗೆಯ ಔಷಧವಾದ ಪ್ರೊಜೆಸ್ಟಿನ್ ಎರಡನ್ನೂ ಸೇರಿಸಿ ಪರೀಕ್ಷಿಸಿದ ಆ ಭಾಗದಲ್ಲಿ 16,608 ಹೆಂಗಸರಿದ್ದರು. ಗುಳಿಗೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು ಹೆಚ್ಚಿದ್ದವು. ರಾತ್ರೋರಾತ್ರಿ ಹಾರ್ಮೋನ್ ಬಿಟ್ಟ ಲಕ್ಷಾಂತರ ಮಂದಿ ‘ನೈಸರ್ಗಿಕ’ ಎಂದು ಬರೆದ ಸೀಸೆಗಳ ಕಡೆಗೆ ತಿರುಗಿದರು. ಸೋಯಾ ಐಸೊಫ್ಲೇವೋನಿನ ಜೊತೆಗೆ ರೆಡ್ ಕ್ಲೋವರಿನ ಸಾರವೂ ಅಂಗಡಿಯಲ್ಲಿತ್ತು. ಪ್ರೊಮೆನ್ಸಿಲ್ ಎಂಬ ರೆಡ್ ಕ್ಲೋವರ್ ಗುಳಿಗೆಯನ್ನು 1990ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು ಕ್ಲೋವರ್ ರೋಗದ ತವರಾದ ಆಸ್ಟ್ರೇಲಿಯದ ಕಂಪನಿಯೇ. ಅದನ್ನು 252 ಹೆಂಗಸರಲ್ಲಿ 12 ವಾರ ಪರೀಕ್ಷಿಸಿದ ಪ್ರಯೋಗದ ವರದಿ 2003ರಲ್ಲಿ ಬಂತು: ಹಾಟ್ ಫ್ಲಶ್ ಕಡಮೆಯಾದದ್ದು ನಿಜ, ಹುಸಿಗುಳಿಗೆ ನುಂಗಿದವರಲ್ಲೂ ಹೆಚ್ಚುಕಡಮೆ ಅಷ್ಟೇ ಕಡಮೆಯಾಗಿತ್ತು.

ಗರ್ಭಕೋಶದ ಪ್ರಶ್ನೆಗೆ ನೇರ ಉತ್ತರ ಹುಡುಕಿದ ಪ್ರಯೋಗಗಳಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಇಟಲಿಯಲ್ಲಿ ಉನ್‌ಫೆರ್ ಮತ್ತು ಸಂಗಡಿಗರು ನಡೆಸಿ 2004ರಲ್ಲಿ ಪ್ರಕಟಿಸಿದ್ದು. ಮುಟ್ಟು ನಿಂತ 376 ಹೆಂಗಸರಲ್ಲಿ ಒಂದು ಗುಂಪಿಗೆ ದಿನಕ್ಕೆ 150 ಮಿಲಿಗ್ರಾಂ ಸೋಯಾ ಐಸೊಫ್ಲೇವೋನ್, ಇನ್ನೊಂದಕ್ಕೆ ಹುಸಿಗುಳಿಗೆ, ಐದು ವರ್ಷ. ಎರಡೂವರೆ ವರ್ಷದ ಹೊತ್ತಿಗೆ ಒಳಪದರದ ಚೂರು ತೆಗೆದು ನೋಡಿದಾಗ ಎರಡೂ ಗುಂಪು ಒಂದೇ ರೀತಿ ಇದ್ದವು. ಐದು ವರ್ಷ ತುಂಬಿದಾಗ ಐಸೊಫ್ಲೇವೋನ್ ಗುಂಪಿನಲ್ಲಿ ಶೇ 3.37ರಷ್ಟು ಮಂದಿಗೆ ಹೈಪರ್‌ಪ್ಲೇಸಿಯ ಇತ್ತು, ಇನ್ನೊಂದರಲ್ಲಿ ಒಬ್ಬರಿಗೂ ಇರಲಿಲ್ಲ. ಕ್ಯಾನ್ಸರ್ ಯಾರಿಗೂ ಬಂದಿರಲಿಲ್ಲ. ಬರೀ ಈಸ್ಟ್ರೊಜೆನ್ ಮೂರು ವರ್ಷದಲ್ಲಿ ಮಾಡಿದ್ದರ ಮುಂದೆ ಇದು ಏನೇನೂ ಅಲ್ಲ. ಆದರೆ ಗಿಡದಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ಎಷ್ಟು ಕಾಲ ಬೇಕಾದರೂ ನುಂಗಬಹುದು ಎಂಬ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು. ಆಮೇಲಿನ ಪ್ರಯೋಗಗಳು ಬಹುತೇಕ ಸಮಾಧಾನದ ಸುದ್ದಿಯನ್ನೇ ತಂದವು. ಇಟಲಿಯಲ್ಲೇ 389 ಹೆಂಗಸರಲ್ಲಿ ದಿನಕ್ಕೆ 54 ಮಿಲಿಗ್ರಾಂ ಜೆನಿಸ್ಟೀನ್ ಪರೀಕ್ಷಿಸಿದ 2007ರ ವರದಿಯಲ್ಲಿ ಎರಡು ವರ್ಷದ ನಂತರವೂ ಒಳಪದರ ದಪ್ಪವಾಗಿರಲಿಲ್ಲ. ಕ್ಯಾಲಿಫೋರ್ನಿಯದಲ್ಲಿ ಮೂರು ವರ್ಷ ಸೋಯಾ ಪ್ರೋಟೀನ್ ಕೊಟ್ಟ ಪ್ರಯೋಗ 2013ರಲ್ಲಿ ಅದನ್ನೇ ಹೇಳಿತು. ಇವು ಯಾವುವೂ ಐದು ವರ್ಷ ನಡೆದವಲ್ಲ ಎಂಬುದನ್ನು ಮಾತ್ರ ಗಮನಿಸಬೇಕು.

ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಇವೆಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿತು. ಬೇರ್ಪಡಿಸಿದ ಐಸೊಫ್ಲೇವೋನ್ ಗುಳಿಗೆಗಳಿಂದ ಮುಟ್ಟು ನಿಂತವರ ಸ್ತನಕ್ಕಾಗಲಿ ಥೈರಾಯ್ಡಿಗಾಗಲಿ ಗರ್ಭಕೋಶಕ್ಕಾಗಲಿ ಹಾನಿಯಿದೆಯೆಂದು ತೋರಿಸುವ ಪುರಾವೆ ಸಿಕ್ಕಿಲ್ಲವೆಂದಿತು. ಗರ್ಭಕೋಶದ ಮಟ್ಟಿಗೆ ದಿನಕ್ಕೆ 150 ಮಿಲಿಗ್ರಾಂನಂತೆ 30 ತಿಂಗಳವರೆಗೆ ಬದಲಾವಣೆ ಕಂಡಿಲ್ಲ, 60 ತಿಂಗಳ ನಂತರ ಕ್ಯಾನ್ಸರಲ್ಲದ ಕೆಲವು ಬದಲಾವಣೆಗಳು ವರದಿಯಾಗಿವೆ ಎಂದೂ ಸೇರಿಸಿತು.

ಊಟದ ಸೋಯಾದ ಕಥೆ ಗುಳಿಗೆಯದಕ್ಕಿಂತ ನೆಮ್ಮದಿಯದು. ಶಾಂಘೈಯಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬಂದ 832 ಹೆಂಗಸರನ್ನು ಆರೋಗ್ಯವಂತರೊಂದಿಗೆ ಹೋಲಿಸಿದ 2004ರ ಅಧ್ಯಯನದಲ್ಲಿ, ಎಲ್ಲರಿಗಿಂತ ಹೆಚ್ಚು ಸೋಯಾ ತಿನ್ನುವವರಲ್ಲಿ ರೋಗದ ಸಂಭವ ಸುಮಾರು ಮೂರನೆಯ ಒಂದರಷ್ಟು ಕಡಮೆಯಿತ್ತು. ಜಪಾನಿನ ದೊಡ್ಡ ಅಧ್ಯಯನವೊಂದರಲ್ಲಿ ಅಂಥ ನಂಟು ಕಾಣಲಿಲ್ಲ. ಒಳ್ಳೆಯದು ಮಾಡಿತೋ ಇಲ್ಲವೋ, ಕೆಟ್ಟದ್ದಂತೂ ಮಾಡಿದಂತಿಲ್ಲ. ಮುಟ್ಟು ನಿಂತ ಮೇಲೆ ಗರ್ಭಕೋಶಕ್ಕೆ ಈಸ್ಟ್ರೊಜೆನ್ ಪೂರೈಸುವ ದೊಡ್ಡ ಮೂಲ ದೇಹದ ಕೊಬ್ಬೇ. ಬೊಜ್ಜು ಹೆಚ್ಚಿದಷ್ಟೂ ಈ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಅದರ ಮುಂದೆ ಒಂದು ಲೋಟ ಸೋಯಾ ಹಾಲಿನ 25 ಮಿಲಿಗ್ರಾಂ ಐಸೊಫ್ಲೇವೋನ್ ಸಣ್ಣ ಮಾತು.

ಕರ್ನಾಟಕದ ಅಡುಗೆಮನೆಗೆ ಸೋಯಾ ತಡವಾಗಿ ಬಂದ ನೆಂಟ. ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಅದನ್ನು ಬೆಳೆಯುತ್ತಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತುಕ್ಕುರೋಗ ತಾಳುವ ಡಿಎಸ್‌ಬಿ 21 ಎಂಬ ತಳಿಯನ್ನೂ ಕೊಟ್ಟಿದೆ. ಆದರೆ ಕಾಳು ಹೋಗುವುದು ಎಣ್ಣೆ ಗಿರಣಿಗೆ, ಹಿಂಡಿ ಹೋಗುವುದು ಕೋಳಿಗಳಿಗೆ. ಐಸೊಫ್ಲೇವೋನ್ ಎಣ್ಣೆಗೆ ಇಳಿಯುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಪಲಾವಿಗೆ ಹಾಕುವ ಸೋಯಾ ಚಂಕ್ಸ್ ಆಗುವುದು ಅಂಥ ಎಣ್ಣೆ ತೆಗೆದ ಹಿಟ್ಟಿನಿಂದ. ಕಡಲೆಯಲ್ಲಿ ಸಿದ್ದಿಕಿ ಅವರು ಕಂಡ ಬಯೋಕ್ಯಾನಿನ್ ಕ್ಲೋವರಿನಲ್ಲೂ ಇದೆ, ಆದರೆ ಕಾಳಿನಲ್ಲಿರುವುದು ಸೋಯಾದ ಮುಂದೆ ಅತ್ಯಲ್ಪ. ಇಲ್ಲಿನ ಹಳೆಯ ಸಸ್ಯ ಈಸ್ಟ್ರೊಜೆನ್ ಎಂದರೆ ಅಗಸೆ. ಉತ್ತರ ಕರ್ನಾಟಕದಲ್ಲಿ ಅದನ್ನು ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ ಮಾಡುವ ಅಗಸಿ ಹಿಂಡಿ ಜೋಳದ ರೊಟ್ಟಿಯ ಸಂಗಾತಿ. ಲಿಗ್ನಾನ್ ಇದರಷ್ಟು ಇರುವ ಬೇರೆ ಆಹಾರ ಸಿಗುವುದು ಕಷ್ಟ. ಇಡೀ ಬೀಜ ನುಂಗಿದರೆ ಅದು ಬಂದ ಹಾಗೇ ಹೊರಗೆ ಹೋಗುತ್ತದೆ, ಪುಡಿ ಮಾಡಿದರೆ ಮಾತ್ರ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದರ ಲಿಗ್ನಾನ್ ಚೆನ್ನಾಗಿ ದಕ್ಕುತ್ತದೆಂದು ಪ್ರಯೋಗಗಳು ಹೇಳುತ್ತವೆ. ಒಳಕಲ್ಲಿನಲ್ಲಿ ಕುಟ್ಟುತ್ತಿದ್ದವರು ರುಚಿಗಾಗಿ ಅದನ್ನೇ ಮಾಡುತ್ತಿದ್ದರು. ಹಲವು ಮಕ್ಕಳ ತಾಯಿ ಬೇರು ಎಂದು ಕರೆಸಿಕೊಳ್ಳುವ ಶತಾವರಿಯನ್ನೂ ಈಗ ಇದೇ ಸಾಲಿನಲ್ಲಿ ಮಾರುತ್ತಾರೆ, ಆದರೆ ಅದರ ಮುಖ್ಯ ದ್ರವ್ಯ ಸ್ಯಾಪೋನಿನ್, ಐಸೊಫ್ಲೇವೋನ್ ಅಲ್ಲ. ಸೋಯಾದ ಪ್ರಯೋಗಗಳ ಫಲಿತಾಂಶವನ್ನು ಅದಕ್ಕೆ ಹಚ್ಚಲು ಬರುವುದಿಲ್ಲ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರು ಅಲ್ಟ್ರಾಸೌಂಡಿನಲ್ಲಿ ಒಳಪದರ ಅಳೆಯುತ್ತಾರೆ, ದಪ್ಪವಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಗುಳಿಗೆ ಸಸ್ಯದ್ದಾಗಿದ್ದರೂ ಈ ಕ್ರಮದಲ್ಲಿ ವಿನಾಯಿತಿಯಿಲ್ಲ. ಆಗ ಕೇಳುವ ಪ್ರಶ್ನೆಗಳಲ್ಲಿ ಅಂಗಡಿಯಿಂದ ಚೀಟಿಯಿಲ್ಲದೆ ತಂದ ಸೀಸೆಯ ಹೆಸರು, ದಿನಕ್ಕೆ ಎಷ್ಟು ಮಿಲಿಗ್ರಾಂ, ಎಷ್ಟು ವರ್ಷದಿಂದ ಎಂಬವೂ ಸೇರುತ್ತವೆ.